ತಗಚೆಯ ತೊಪ್ಪಲು: ಬೆಳಗಾವಿಯಿಂದ ಖಾನಾಪುರದವರೆಗೆ

ಗಿಡಗಂಟಿಗಳಿಂದ ಊರಿಗೆ ಹೆಸರು ಬರುವದು ನಮ್ಮ ನಾಡಿನಲ್ಲಿ ಹೊಸ ಮಾತಲ್ಲ. ಬೆಳಗಾವಿಯೇ ಅದಕ್ಕೆ ಉದಾಹರಣೆಯು. ಹಳೆಯ ಶಾಸನಗಳಲ್ಲಿ ಈ ಪಟ್ಟಣವನ್ನು ವೇಣುಗ್ರಾಮವೆಂದು ಕರೆದಿರುವರು. ಬಿದಿರಿನ ಊರೆಂದು ಅದರ ಅರ್ಥ. ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿ, ಸಹ್ಯಾದ್ರಿಯ ಮೂಡಣ ಮಗ್ಗುಲಿನಲ್ಲಿರುವ ಈ ಊರಿಗೆ ಮಳೆಗಾಲವು ಖಾನಾಪುರದ ಕಾಡಿನ ಮೇಲಿಂದ ನಡೆದು ಬರುವದು. ಮೃಗಶಿರಾ ಮಳೆ ಎರಡು ಸಲ ಚೆನ್ನಾಗಿ ಹೊಯ್ದಿತೆಂದರೆ ಸಾಕು. ಬೇಸಿಗೆಯ ಧೂಳಿನಲ್ಲಿ ಬೋಳಾಗಿ ಬಿದ್ದಿದ್ದ ಬಯಲು, ಹಾಳುಗೋಡೆ, ಹೊಲದ ಬದು, ರೈಲುಹಳಿಯ ಅಂಚು ಎಲ್ಲವೂ ಒಂದೆರಡು ವಾರಗಳಲ್ಲಿ ಹಸುರಾಗುವವು. ಆ ಹಸುರಿನಲ್ಲಿ ಮೊದಮೊದಲು ತಲೆಯೆತ್ತುವ ಗಿಡಗಳಲ್ಲಿ ತಗಚೆಯೂ ಒಂದು. ಅದನ್ನು ಬಿತ್ತಿದವರಿಲ್ಲ, ಅದಕ್ಕೆ ನೀರೆರೆದವರಿಲ್ಲ. ಆದರೂ ಬಡವರ ಒಲೆಗೂ ಉಳ್ಳವರ ಒಲೆಗೂ ಅದು ಸಮನಾಗಿ ಏರುವದು. ಈ ತೊಪ್ಪಲನ್ನು ಗುರುತಿಸುವ ಬಗೆ ಯಾವದು, ಅದನ್ನು ನಿಶ್ಚಿಂತೆಯಿಂದ ಉಣ್ಣಬಹುದೇ ಎಂಬ ವಿಚಾರವಾಗಿ, ಎರಡು ಋತುಗಳಲ್ಲಿ ಒಂದೇ ಸೀಮೆಯನ್ನು ಸುತ್ತಿ ಕಂಡುದನ್ನು ಇಲ್ಲಿ ವಾಚಕರ ಮುಂದಿಡುವೆನು.

ಆರ್ದ್ರಾ ಮಳೆಯ ದಿನಗಳಲ್ಲಿ ಮುಂಜಾನೆ ಗಣಪತ ಗಲ್ಲಿಯ ಕಡೆಗೆ ಹೋದರೆ, ಕಾಯಿಪಲ್ಲೆಯ ದೊಡ್ಡ ಅಂಗಡಿಗಳ ಎದುರಿಗೆ, ಗೋಣಿತಾಟು ಹಾಸಿಕೊಂಡು ಕುಳಿತ ಹಳ್ಳಿಯ ಹೆಣ್ಣುಮಕ್ಕಳು ಕಾಣುವರು. ತಲೆಯ ಮೇಲೆ ಪ್ಲಾಸ್ಟಿಕ್ಕಿನ ಕೊಪ್ಪೆ, ಎದುರಿಗೆ ಬಾಳೆಯ ನಾರಿನಿಂದ ಕಟ್ಟಿದ ಸಣ್ಣ ಸಣ್ಣ ಸಿವುಡುಗಳು. ಇವು ತೋಟದಲ್ಲಿ ಬೆಳೆದ ಮೆಂತೆಯಲ್ಲ, ರಾಜಗಿರಿಯಲ್ಲ. ಬದುವಿನ ಮೇಲೆ ತಾವಾಗಿ ಹುಟ್ಟಿದ ತೊಪ್ಪಲುಗಳು. ಅವುಗಳಲ್ಲಿ ಮೂರು ಮೂರು ಜೋಡಿ ದುಂಡನೆಯ ಎಲೆಗಳುಳ್ಳ ಎಳೆಯ ಕುಡಿಗಳ ಸಿವುಡೇ ತಗಚೆ. ಬೆಳಗಾವಿಯ ಮರಾಠಿ ಮನೆಗಳಲ್ಲಿ ಇದು ಟಾಕಳಾ. ಘಟ್ಟದ ಕೆಳಗಿನ ಕೊಂಕಣಿಯವರಿಗೆ ತಾಯ್ಕಿಳೊ, ತುಳುವರಿಗೆ ತಜಂಕ್. ಕನ್ನಡದಲ್ಲಿಯೇ ತಗಚೆ, ತಗಟೆ, ಚಗಚೆ ಎಂದು ಊರೂರಿಗೆ ಉಚ್ಚಾರ ಬೇರೆ. ವೈದ್ಯರು ಇದನ್ನು ಚಕ್ರಮರ್ದವೆಂದೂ, ಗಜಕರ್ಣವನ್ನು ಕಳೆಯುವದರಿಂದ ದದ್ರುಘ್ನವೆಂದೂ ಹೇಳುವರು.

ಇದರ ಅಡಿಗೆಯೇನೂ ಕಠಿಣವಲ್ಲ. ಎಳೆಯ ಕುಡಿಗಳನ್ನು ಬಿಡಿಸಿ, ತೊಳೆದು, ಸಣ್ಣಗೆ ಹೆಚ್ಚಿ, ಉಳ್ಳಾಗಡ್ಡಿ ಬೆಳ್ಳುಳ್ಳಿಗಳ ಒಗ್ಗರಣೆಯಲ್ಲಿ ಬಾಡಿಸಿ, ಮೇಲೆ ಹಸಿ ಕೊಬ್ಬರಿಯನ್ನು ಉದುರಿಸುವರು. ಗೋವೆಯ ಕಡೆಗೆ ಹಲಸಿನ ಬೀಜಗಳನ್ನು ಕೂಡಿಸುವದುಂಟು. ಮಂಗಳೂರ ಸೀಮೆಯಲ್ಲಿ ಅಕ್ಕಿಯ ಜೊತೆಗೆ ಅರೆದು ದೋಸೆ ಹೊಯ್ಯುವರು. ಮಳೆಗಾಲದ ಮೊದಲಲ್ಲಿ ಬೇರೆ ಕಾಯಿಪಲ್ಲೆ ತುಟ್ಟಿಯಾದಾಗ, ಕೈಗೆ ಸುಲಭವಾಗಿ ಸಿಕ್ಕುವದು ಇದೇ. ಆದರೆ ಕೊಳ್ಳುವವರನ್ನು ನಿಂತು ನೋಡಿದರೆ ಒಂದು ಸಂಗತಿಯು ಮನಸ್ಸಿಗೆ ಬರುವದು. ಪಟ್ಟಣದ ಗೃಹಿಣಿಯು ಸಿವುಡನ್ನು ಎತ್ತಿ ಬೆಲೆ ಕೇಳುವಳು, ಬಾಡಿದೆಯೋ ತಾಜಾ ಇದೆಯೋ ನೋಡುವಳು. ಇದು ತಗಚೆಯೇ ಅಹುದೋ ಅಲ್ಲವೋ ಎಂದು ನೋಡುವವರು ವಿರಳ. ಆ ಕೆಲಸವನ್ನು ಮಾರುವವಳ ಕೈಗೆ ಬಿಟ್ಟಿರುವರು. ಆ ಕೈಯು ಏನನ್ನು ಬಲ್ಲದು, ಹೇಗೆ ಬಲ್ಲದು ಎಂಬುದನ್ನು ತಿಳಿಯಬೇಕಾದರೆ ತೊಪ್ಪಲು ಬರುವ ಊರಿಗೇ ಹೋಗಬೇಕು.

ಬೆಳಗಾವಿಯಿಂದ ಖಾನಾಪುರವು ತೆಂಕಣಕ್ಕೆ ಸುಮಾರು 26 ಕಿಲೋಮೀಟರು. ಗೋವೆಯ ಹೆದ್ದಾರಿಯಿಂದಲೂ ಹೋಗಬಹುದು, ಲೋಂಡಾದ ಕಡೆಗೆ ಸಾಗುವ ರೈಲಿನಿಂದಲೂ ಹೋಗಬಹುದು. ಮಳೆಗಾಲದಲ್ಲಿ ರೈಲಿನ ಹಾದಿಯೇ ಹೆಚ್ಚು ಸೊಗಸು. ಟಿಳಕವಾಡಿಯ ಮನೆಗಳು ಹಿಂದೆ ಸರಿದು ದೇಸೂರು, ಇದಲಹೊಂಡಗಳು ಬರುವಷ್ಟರಲ್ಲಿ ನೆಲದ ಬಣ್ಣವೂ ಬೆಳೆಯ ರೀತಿಯೂ ಬದಲಾಗುವವು. ಎರೆಯ ಕಪ್ಪು ಹಿಂದಾಗಿ ಕೆಮ್ಮಣ್ಣು ಮುಂದಾಗುವದು. ಜೋಳದ ಸೀಮೆ ಮುಗಿದು ಭತ್ತದ ಗದ್ದೆಗಳು ಹಾಸಿಕೊಳ್ಳುವವು. ಖಾನಾಪುರದ ಆ ಕೆಂಪು ಜೇಡಿಯು ಹೆಂಚಿಗೂ ಮಡಕೆಗೂ ಹೆಸರಾದುದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಶಿಕ್ಷಣಸಂಸ್ಥೆಯು ಇಲ್ಲಿರುವದಕ್ಕೂ ಈ ಮಣ್ಣೇ ಕಾರಣವು. ಊರ ಮಗ್ಗುಲಿಗೆ ಮಲಪ್ರಭೆಯು ಹರಿಯುವಳು. ಇದೇ ತಾಲೂಕಿನ ಕಣಕುಂಬಿಯಲ್ಲಿ ಮಾವುಲಿದೇವಿಯ ಗುಡಿಯ ಬಳಿಯಲ್ಲಿ ಹುಟ್ಟಿ, ಸವದತ್ತಿಯ ನವಿಲುತೀರ್ಥವನ್ನು ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವ ಈ ನದಿಯು ಇಲ್ಲಿ ಇನ್ನೂ ಎಳೆಯಳು. ಆದರೆ ಆರ್ದ್ರೆಯಲ್ಲಿ ಅವಳ ನೀರು ಕೆಂಪಗೆ ಉಕ್ಕಿ ನೋಡುವವರಿಗೆ ಅಂಜಿಕೆ ಹುಟ್ಟಿಸುವದು.

ನದಿಯ ದಂಡೆಯಿಂದ ಗದ್ದೆಗಳ ಕಡೆಗೆ ಹೋಗುವ ಕಾಲುಹಾದಿಯ ಎರಡು ಬದಿಗೂ ತಗಚೆಯು ಒತ್ತಾಗಿ ಬೆಳೆದಿದ್ದಿತು. ಅಲ್ಲಿ ಒಬ್ಬ ಮುದುಕಿಯು ಸೊಂಟಕ್ಕೆ ಸೆರಗು ಬಿಗಿದು ಕುಡಿ ಚಿವುಟುತ್ತಿದ್ದಳು. ಅವಳ ಕೈಯ ವೇಗವು ನೋಡತಕ್ಕುದು. ಆದರೂ ನಡುನಡುವೆ ಆ ಕೈಯು ಒಂದೊಂದು ಗಿಡವನ್ನು ಮುಟ್ಟದೆ ದಾಟಿ ಹೋಗುತ್ತಿದ್ದಿತು. ದೂರದಿಂದ ನೋಡುವವರಿಗೆ ಎಲ್ಲವೂ ಒಂದೇ ಹಸುರು.

“ಆಯೀ, ಆ ಗಿಡಾ ಯಾಕ ಬಿಟ್ಟ್ರಿ?” ಎಂದು ಕೇಳಿದೆನು.

“ಅದು ಟಾಕಳಾ ಅಲ್ಲೋ ತಮ್ಮಾ. ರಾನಟಾಕಳಾ ಅದು. ಅದಕ್ಕ ದನಾನೂ ಬಾಯಿ ಹಚ್ಚಂಗಿಲ್ಲ,” ಎಂದು ಅವಳು ತಲೆಯೆತ್ತದೆಯೇ ಹೇಳಿದಳು.

“ಎರಡೂ ಒಂದ ಥರಾ ಕಾಣ್ತಾವಲ್ಲರೀ?”

“ನಿನಗ ಕಾಣ್ತಾವ. ಎಲಿ ತುದಿ ನೋಡು. ನಮ್ಮದು ದುಂಡಗದ, ಅದರದು ಚೂಪದ. ನಮ್ಮದಕ್ಕ ಮೂರ ಜೋಡಿ. ಅದಕ್ಕ ಎಣಿಸಿ ನೋಡು.”

ಎಣಿಸಿ ನೋಡಲಾಗಿ ನಾಲ್ಕು ಜೋಡಿ ಇದ್ದುವು. ಮಗ್ಗುಲಿನ ಇನ್ನೊಂದು ಕಡ್ಡಿಯಲ್ಲಿ ಐದು. ವನಸ್ಪತಿಶಾಸ್ತ್ರದ ಗ್ರಂಥಗಳು ಪುಟಗಟ್ಟಲೆ ಬರೆಯುವ ಭೇದವನ್ನು ಆ ಮುದುಕಿಯು ಎರಡು ಮಾತಿನಲ್ಲಿ ಮುಗಿಸಿದ್ದಳು. ಆದರೆ ಅವಳ ಜ್ಞಾನವು ಅವಳ ಬೆರಳಲ್ಲಿ ಇದೆ. ಪಟ್ಟಣದ ಮನೆಗಳಿಗೆ ಸಿವುಡು ಬಂದಿತೇ ಹೊರತು ಆ ಬೆರಳಿನ ಜ್ಞಾನವು ಬರಲಿಲ್ಲ. ಆದಕಾರಣ ಆ ಎರಡು ಗಿಡಗಳ ಗುರುತುಗಳನ್ನು ಸ್ವಲ್ಪ ವಿಸ್ತಾರವಾಗಿ ಇಲ್ಲಿ ಹೇಳುವದು ಅವಶ್ಯವು.

ನಿಜವಾದ ತಗಚೆಯು ಒಂದರಿಂದ ಎರಡು ಮೊಳ ಎತ್ತರದ, ವರ್ಷಕ್ಕೊಮ್ಮೆ ಹುಟ್ಟಿ ಸಾಯುವ ಸಣ್ಣ ಗಿಡ. ಒಂದು ಕಡ್ಡಿಗೆ ಎದುರುಬದುರಾಗಿ ಸಾಮಾನ್ಯವಾಗಿ ಮೂರು ಜೋಡಿ ಕಿರಿಯೆಲೆಗಳಿರುವವು. ಕಿರಿಯೆಲೆಯು ಬುಡದಲ್ಲಿ ಕಿರಿದಾಗಿದ್ದು ತುದಿಯ ಕಡೆಗೆ ಅಗಲವಾಗುತ್ತ ಹೋಗಿ ದುಂಡಗೆ ಮುಗಿಯುವದು. ಸಂಜೆಯಾಯಿತೆಂದರೆ ಈ ಎಲೆಗಳು ಜೋಡಿಜೋಡಿಯಾಗಿ ಮಡಿಚಿಕೊಂಡು ನಿದ್ದೆ ಹೋಗುವವು. ದೊಡ್ಡ ತಗಚೆ ಅಥವಾ ರಾನಟಾಕಳಾ ಎಂಬುದು ಆಳಿನ ಎದೆಯ ವರೆಗೂ ಬೆಳೆಯಬಲ್ಲ ಗಟ್ಟಿ ಕಾಂಡದ ಗಿಡ. ಅದರ ಕಡ್ಡಿಗೆ ನಾಲ್ಕೈದು ಜೋಡಿ ಕಿರಿಯೆಲೆಗಳು. ಒಂದೊಂದೂ ಬುಡದಲ್ಲಿ ಅಗಲವಾಗಿದ್ದು ತುದಿಯಲ್ಲಿ ಈಟಿಯ ಮೊನೆಯಂತೆ ಚೂಪಾಗುವದು. ಇಷ್ಟನ್ನು ಯಾರಾದರೂ ನೋಡಬಹುದು. ಆದರೆ ಮೊಳಕೆಯೊಡೆದು ಕೆಲವೇ ದಿನಗಳಾದ ಸಸಿಗಳಲ್ಲಿ ಎಲೆಗಳ ಲೆಕ್ಕವು ಮೋಸ ಮಾಡಬಹುದು. ಆಗ ಇನ್ನೊಂದು ಸೂಕ್ಷ್ಮ ಗುರುತಿನ ಸಹಾಯ ಬೇಕು. ಎರಡು ಗಿಡಗಳಲ್ಲಿಯೂ ಎಲೆಯ ಕಡ್ಡಿಯ ಮೇಲೆ ಸಣ್ಣ ಗ್ರಂಥಿಗಳಿರುವವು. ತಗಚೆಯಲ್ಲಿ ಅವು ಕೆಳಗಿನ ಜೋಡಿ ಎಲೆಗಳ ನಡುವೆ, ಎದ್ದು ನಿಂತ ಮುಳ್ಳಿನ ಮೊನೆಯಂತೆ ತೋರುವವು. ದೊಡ್ಡ ತಗಚೆಯಲ್ಲಿ ಎಲೆಗಳ ನಡುವೆ ಏನೂ ಇರುವದಿಲ್ಲ. ಕಡ್ಡಿಯು ಕಾಂಡವನ್ನು ಸೇರುವ ಬುಡದ ಹತ್ತಿರ ಒಂದೇ ಒಂದು ದುಂಡನೆಯ ಗಂಟು ಇರುವದು. ಒಂದು ಸಾದಾ ಭೂತಗನ್ನಡಿಯಿದ್ದರೆ ಮಗುವೂ ಇದನ್ನು ಕಾಣಬಹುದು.

ವಾಸನೆಯಿಂದ ಗುರುತಿಸುವೆವೆಂದು ಕೆಲವರು ಹೇಳುವರು. ಇದನ್ನು ಪೂರ್ಣವಾಗಿ ನಂಬಬಾರದು. ದೊಡ್ಡ ತಗಚೆಯ ಎಲೆಯನ್ನು ತಿಕ್ಕಿದರೆ ಕೆಟ್ಟ ನಾತ ಬರುವದು ನಿಜ. ಆದರೆ ತಗಚೆಯ ಎಲೆಗೂ ಒಂದು ಕಮಟು ವಾಸನೆಯುಂಟು. ನೆಗಡಿಯಾದವರ ಮೂಗಿಗೆ ಎರಡೂ ಒಂದೇ. ಕಣ್ಣಿನಿಂದ ಕಂಡ ಗುರುತು ಹೆಚ್ಚು ಗಟ್ಟಿಯಾದುದು.

ಗಿಡವು ಒಂದಾದರೂ ಹೆಸರು ಹಲವು, ಹೆಸರು ಒಂದಾದರೂ ಗಿಡ ಹಲವು. ಇದು ವನಸ್ಪತಿಯ ವಿಷಯದಲ್ಲಿ ದೊಡ್ಡ ತೊಡಕು. ಸ್ವೀಡನ್ನಿನ ಲಿನೇಯಸನು 1753ರಲ್ಲಿ ಈ ಎರಡು ಗಿಡಗಳಿಗೂ ಬೇರೆ ಬೇರೆ ಶಾಸ್ತ್ರೀಯ ಹೆಸರುಗಳನ್ನಿಟ್ಟನು: ತಗಚೆಗೆ ಕ್ಯಾಸಿಯಾ ತೋರಾ, ದೊಡ್ಡ ತಗಚೆಗೆ ಕ್ಯಾಸಿಯಾ ಆಕ್ಸಿಡೆಂಟಾಲಿಸ್. ಈಗ ಇವೆರಡನ್ನೂ ಸೆನ್ನಾ ಎಂಬ ಕುಲಕ್ಕೆ ಸೇರಿಸಿರುವರು. ಆಕ್ಸಿಡೆಂಟಾಲಿಸ್ ಎಂದರೆ ಪಡುವಣ ದೇಶದ್ದೆಂದು ಅರ್ಥ. ಅದರ ಮೂಲಸ್ಥಾನವು ಅಮೇರಿಕೆಯ ಉಷ್ಣಪ್ರದೇಶವೆಂದು ವನಸ್ಪತಿಶಾಸ್ತ್ರಜ್ಞರು ಹೇಳುವರು. ಹೀಗಿರುವಲ್ಲಿ, ಇಂದು ಇದೇ ಗಿಡಕ್ಕೆ ವೈದ್ಯರು ಹೇಳುವ ಕಾಸಮರ್ದವೆಂಬ ಹೆಸರು ನಮ್ಮ ಪ್ರಾಚೀನ ಸಂಹಿತೆಗಳಲ್ಲಿಯೇ ಇರುವದು. ಹಡಗದಲ್ಲಿ ಬಂದ ಗಿಡಕ್ಕೆ ಅದಕ್ಕೂ ಎಷ್ಟೋ ಹಿಂದಿನ ಗ್ರಂಥದಲ್ಲಿ ಹೆಸರೆಲ್ಲಿಂದ ಬಂದೀತು? ಆ ಹೆಸರನ್ನು ಮೊದಲು ಬೇರೊಂದು ಗಿಡವು ಹೊತ್ತಿದ್ದಿರಬೇಕು. ಈಗಲೂ ಇದರ ಹತ್ತಿರದ ಬಂಧುವಾದ ಇನ್ನೊಂದು ಗಿಡವನ್ನು, ಹೆಚ್ಚು ಜೋಡಿ ಎಲೆಗಳುಳ್ಳ ಸೆನ್ನಾ ಸೋಫೆರಾವನ್ನು, ಕಾಸಮರ್ದವೆಂದು ಕರೆಯುವವರಿರುವರು. ಆದಕಾರಣ ಪುಸ್ತಕದಲ್ಲಿ ಒಂದು ಹೆಸರಿನ ಕೆಳಗೆ ಓದಿದ ಗುಣಗಳನ್ನು ಹಿತ್ತಲಿನಲ್ಲಿ ಅದೇ ಹೆಸರಿನಿಂದ ಕರೆಯಲ್ಪಡುವ ಗಿಡಕ್ಕೆ ಹೊಂದಿಸುವ ಮುನ್ನ, ಗಿಡವನ್ನೇ ನೋಡಬೇಕು, ಹೆಸರನ್ನಲ್ಲ.

ತಗಚೆಯ ಪೂರ್ತಿ ಪರಿಚಯಕ್ಕೆ ಮಳೆಗಾಲದ ಒಂದು ಪ್ರವಾಸವು ಸಾಲದು. ಕಾಯಿ ಕಾಣಬೇಕಾದರೆ ದೀಪಾವಳಿಯ ಸುಮಾರಿಗೆ ಇನ್ನೊಮ್ಮೆ ಹೋಗಬೇಕು. ಎರಡನೆಯ ಸಲ ಬೆಳಗಾವಿಯಿಂದ ಪೀರನವಾಡಿಯ ಮೇಲೆ ಜಾಂಬೋಟಿಗೆ ಹೋಗಿ, ಅಲ್ಲಿಂದ ಖಾನಾಪುರಕ್ಕೆ ಇಳಿದು ಬಂದುದಾಯಿತು. ಜಾಂಬೋಟಿಯ ಪಡುವಣಕ್ಕೆ ಕಾಡು ದಟ್ಟವಾಗುತ್ತ ಹೋಗಿ ಕಣಕುಂಬಿ, ಚೋರ್ಲಾ ಘಟ್ಟಗಳ ವರೆಗೆ ಹಬ್ಬಿರುವದು; ಒಂದು ಭಾಗಕ್ಕೆ 2011ರಲ್ಲಿ ಸರಕಾರವು ಭೀಮಗಡ ವನ್ಯಧಾಮವೆಂಬ ಹೆಸರು ಕೊಟ್ಟು ಕಾಯ್ದಿದೆ. ಅದರೊಳಗೆ ಎಲೆಯನ್ನೂ ಕೀಳಲಾಗದು. ಕೀಳುವ ಅವಶ್ಯವೂ ಇಲ್ಲ. ತಗಚೆಯಾಗಲಿ ದೊಡ್ಡ ತಗಚೆಯಾಗಲಿ ದಟ್ಟಕಾಡಿನ ಗಿಡಗಳಲ್ಲ. ಮನುಷ್ಯನು ಕಡಿದ, ಅಗೆದ, ತುಳಿದ ನೆಲವೇ ಅವಕ್ಕೆ ಪ್ರಿಯವು. ಮನೆಯ ಹಿತ್ತಲು, ತಿಪ್ಪೆಯ ಮಗ್ಗುಲು, ರಸ್ತೆಯ ಅಂಚು, ಶಾಲೆಯ ಬಯಲು, ಇವೇ ಅವುಗಳ ವಸತಿ. ಮಕ್ಕಳು ಎಲ್ಲಿ ಆಡುವರೋ ಅಲ್ಲಿಯೇ ಅವೂ ಬೆಳೆಯುವವು ಎಂಬುದನ್ನು ಮರೆಯಬಾರದು.

ಆಗ ಭತ್ತವು ಹೊನ್ನಿನ ಬಣ್ಣಕ್ಕೆ ತಿರುಗಿದ್ದಿತು. ತಗಚೆಯ ಎಲೆ ಒರಟಾಗಿ, ಗಿಡದ ತುಂಬ ಕಾಯಿ ಜೋತುಬಿದ್ದಿದ್ದುವು. ಅದರ ಕಾಯಿಯು ಅರ್ಧದಿಂದ ಒಂದು ಗೇಣು ಉದ್ದ, ದಾರದಂತೆ ತೆಳ್ಳಗೆ, ಕುಡುಗೋಲಿನಂತೆ ಬಾಗಿದುದು. ಒಳಗಿನ ಬೀಜವು ಓರೆಯಾಗಿ ಕತ್ತರಿಸಿದಂತೆ ಕೋನಗಳುಳ್ಳದ್ದಾಗಿ ಮಿರಿಮಿರಿ ಮಿಂಚುವದು. ದೊಡ್ಡ ತಗಚೆಯ ಕಾಯಿ ಬೇರೆ. ಅದು ನಾಲ್ಕೈದು ಅಂಗುಲ ಉದ್ದ, ಚಪ್ಪಟೆ, ಅಗಲ; ನಡುವೆ ಕಂದು ಬಣ್ಣದ ಪಟ್ಟೆ, ಎರಡು ಅಂಚಿಗೂ ತಿಳಿಬಣ್ಣ. ಬೀಜವು ಚಪ್ಪಟೆಯಾಗಿ, ಮಂಕು ಬಣ್ಣದ್ದು. ಒಣಗಿದ ಮೇಲೆ ಕಾಯಿಯನ್ನು ಅಲ್ಲಾಡಿಸಿದರೆ ಬೀಜಗಳು ಗಿಲಿಗಿಲಿ ಸದ್ದು ಮಾಡುವವು. ಹಾದಿಯ ಮಗ್ಗುಲಿಗೆ ಒಂದು ಮನೆಯ ಮುಂದೆ ಮೂರು ನಾಲ್ಕು ಮಕ್ಕಳು ಆ ಕಾಯಿಗಳನ್ನೇ ಕಿತ್ತು, ಒಬ್ಬ ಹುಡುಗನು ಗಿಲಕಿಯಂತೆ ಅಲ್ಲಾಡಿಸುತ್ತ, ಒಬ್ಬ ಪುಟ್ಟ ಹುಡುಗಿಯು ಬೀಜ ಬಿಡಿಸಿ ಕರಟದಲ್ಲಿ ಹಾಕಿ ‘ಬ್ಯಾಳಿ’ ಕುದಿಸುತ್ತ ಆಡುತ್ತಿದ್ದರು. ಅವರ ತಾಯಿಯು ಒಳಗಿನಿಂದ ಬಂದು, “ಏ, ಅದನ್ನ ಬಾಯಾಗ ಹಾಕಬ್ಯಾಡ್ರಿ!” ಎಂದು ಗದರಿಸಿ, ಕರಟವನ್ನು ಬೋರಲು ಹಾಕಿ, ಮಗುವಿನ ಕೈಯನ್ನು ಸೆರಗಿನಿಂದ ಒರೆಸಿದಳು. ನೋಡುವವರಿಗೆ ಅದು ದಿನನಿತ್ಯದ ಗದರಿಕೆಯೇ. ಆದರೆ ಅದರ ಬೆಲೆಯೆಷ್ಟೆಂಬುದು ಬಡಗಣ ಹಿಂದುಸ್ಥಾನದ ಒಂದು ವೃತ್ತಾಂತವನ್ನು ಬಲ್ಲವರಿಗೆ ಮಾತ್ರ ತಿಳಿಯುವದು.

ಉತ್ತರ ಪ್ರದೇಶದ ಪಡುವಣ ಜಿಲ್ಲೆಗಳಲ್ಲಿ ಹಲವು ವರ್ಷಗಳ ವರೆಗೆ, ಮಳೆ ಮುಗಿದು ಚಳಿ ಆರಂಭವಾಗುವ ತಿಂಗಳುಗಳಲ್ಲಿ, ಒಂದು ವಿಚಿತ್ರ ರೋಗವು ಚಿಕ್ಕಮಕ್ಕಳನ್ನು ಒಯ್ಯುತ್ತಿದ್ದಿತು. ಚೆನ್ನಾಗಿ ಆಡಿಕೊಂಡಿದ್ದ ಮಗುವಿಗೆ ಒಮ್ಮೆಲೆ ವಾಂತಿ, ಚಡಪಡಿಕೆ, ಆಮೇಲೆ ಎಚ್ಚರ ತಪ್ಪುವಿಕೆ. ನಾಲ್ಕಾರು ದಿನಗಳಲ್ಲಿ ಮರಣ. ಬೇನೆ ಬಿದ್ದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು ಉಳಿಯುತ್ತಿರಲಿಲ್ಲ. ಇದು ಮೆದುಳಿನ ಜ್ವರವೆಂದೂ, ಸೋಂಕಿನಿಂದ ಬರುವದೆಂದೂ ಎಲ್ಲರೂ ತಿಳಿದಿದ್ದರು. ಬಿಜನೋರದ ಮಕ್ಕಳ ವೈದ್ಯರಾದ ಡಾಕ್ಟರ ವಿಪಿನ್ ವಶಿಷ್ಠ ಮತ್ತು ವೆಲ್ಲೂರಿನ ಡಾಕ್ಟರ ಟಿ. ಜೇಕಬ್ ಜಾನ್ ಮೊದಲಾದವರು ಇದನ್ನು ಬೆನ್ನುಹತ್ತಿ ವಿಚಾರಿಸಿದರು. ರೋಗವು ಒಬ್ಬರಿಂದೊಬ್ಬರಿಗೆ ಹರಡುತ್ತಿರಲಿಲ್ಲ; ಹಳ್ಳಿಯ ಬಡವರ ಮಕ್ಕಳಲ್ಲಿಯೇ ಕಾಣುತ್ತಿದ್ದಿತು; ಮೆದುಳಿನ ಜೊತೆಗೆ ಯಕೃತ್ತೂ ಸ್ನಾಯುಗಳೂ ಕೆಟ್ಟಿರುತ್ತಿದ್ದುವು. ತಾಯಿತಂದೆಗಳನ್ನು ಕೇಳುತ್ತ ಹೋದಾಗ, ಬೇನೆ ಬೀಳುವ ಮುನ್ನ ಮಕ್ಕಳು ದೊಡ್ಡ ತಗಚೆಯ ಬೀಜಗಳನ್ನು ತಿಂದಿದ್ದ ಸಂಗತಿಯು ಹೊರಬಿದ್ದಿತು. 2007ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ಗಿಡವನ್ನು ತಿಂದ ದನಕರುಗಳಲ್ಲಿ ಸ್ನಾಯು ಮತ್ತು ಯಕೃತ್ತುಗಳು ಕೆಡುವವೆಂಬುದು ಅಮೇರಿಕೆಯ ಪಶುವೈದ್ಯರಿಗೆ ಎಷ್ಟೋ ಮುಂಚೆಯೇ ತಿಳಿದಿದ್ದಿತು. ಅದು ಮಕ್ಕಳ ವೈದ್ಯರ ಕಿವಿಗೆ ಮುಟ್ಟಲು ಇಷ್ಟು ಕಾಲ ಹಿಡಿಯಿತು.

ಇನ್ನೊಂದು ದುಃಖದ ಕಥೆಯು ಓಡಿಶಾದ ಮಲಕಾನಗಿರಿ ಜಿಲ್ಲೆಯದು. 2016ರ ಶರತ್ಕಾಲದಲ್ಲಿ ಅಲ್ಲಿ ಆದಿವಾಸಿಗಳ ಸುಮಾರು ನೂರು ಮಕ್ಕಳು ತೀರಿಕೊಂಡರು. ಕೆಲವರಿಗೆ ಜಪಾನೀ ಮೆದುಳುಜ್ವರವು ಇದ್ದುದು ಪರೀಕ್ಷೆಯಿಂದ ತಿಳಿಯಿತು. ಆದರೆ ಎಲ್ಲ ಸಾವುಗಳಿಗೂ ಅದು ಕಾರಣವೆನ್ನುವಂತಿರಲಿಲ್ಲ. ಡಾಕ್ಟರ ಜಾನ್ ಅವರು ಅಲ್ಲಿಗೂ ಹೋಗಿ ವಿಚಾರಿಸಿ, ಆ ಕಡೆಗೆ ಬಡಾ ಚಕುಂಡಾ ಎಂದು ಕರೆಯುವ ಗಿಡವೇ ಹಲವು ಮಕ್ಕಳಿಗೆ ವಿಷವಾಗಿದೆಯೆಂದು ಹೇಳಿದರು. ಬಡಾ ಚಕುಂಡಾ ಎಂದರೆ ನಮ್ಮ ದೊಡ್ಡ ತಗಚೆಯೇ. ಬರಿಯ ಚಕುಂಡಾ ಎಂದರೆ ನಮ್ಮ ಉಣ್ಣುವ ತಗಚೆ. ವಾಚಕರು ಇದನ್ನು ಗಮನಿಸಬೇಕು. ಅಲ್ಲಿಯೂ ಇಲ್ಲಿಯೂ ಜನರು ಎರಡು ಗಿಡಗಳನ್ನು ಒಂದೇ ಮನೆತನದ ಹಿರಿಯ ಕಿರಿಯರಂತೆ ಹೆಸರಿಟ್ಟು ಕರೆದಿರುವರು. ನಡುವೆ ಇರುವದು ‘ದೊಡ್ಡ’ ಎಂಬ ಒಂದೇ ಮಾತು. ಆ ಒಂದು ಮಾತು ಬಿದ್ದುಹೋದರೆ ಪಲ್ಲೆಯು ವಿಷವಾಗುವದು.

ವಿಷವಿರುವದು ಎಲ್ಲಿ? ಈ ಕುಲದ ಗಿಡಗಳಲ್ಲಿ ಆಂತ್ರಾಕ್ವಿನೋನ್ ಎಂಬ ಜಾತಿಯ ದ್ರವ್ಯಗಳಿರುವವು. ಔಷಧಿಯಾಗಿ ಬಳಸುವ ಸೋನಾಮುಖಿಯ ಎಲೆಗೆ ಭೇದಿಯ ಗುಣವು ಬರುವದೂ ಅವುಗಳಿಂದಲೇ. ದೊಡ್ಡ ತಗಚೆಯ ಬೀಜದಲ್ಲಿ ಈ ದ್ರವ್ಯಗಳೇ ಯಕೃತ್ತು, ಸ್ನಾಯು, ಮೆದುಳುಗಳಿಗೆ ಮಾರಕವಾಗುವವೆಂದು ಅಭಿಪ್ರಾಯವು. ದೊಡ್ಡವರು ಅಂಥ ಬೀಜವನ್ನು ಹಿಡಿಗಟ್ಟಲೆ ತಿನ್ನುವದಿಲ್ಲ. ಹಸಿದ ಮಗು ಮಾತ್ರ ಹಸಿಬಟಾಣಿಯಂತೆ ಬಿಡಿಸಿ ತಿನ್ನುವದು. ಮಗುವಿನ ಮೈತೂಕವೂ ಕಡಿಮೆ. ಆದಕಾರಣ ಅದೇ ಬೀಜವು ಮಗುವಿಗೆ ಹೆಚ್ಚು ಘಾತಕವು. ಈ ವಿಷಕ್ಕೆ ಪ್ರತಿವಿಷವೆಂಬುದಿಲ್ಲ. ತಿನ್ನದಂತೆ ನೋಡಿಕೊಳ್ಳುವದೊಂದೇ ಉಪಾಯವು.

ಇನ್ನು ಉಣ್ಣುವ ತಗಚೆಯಾದರೂ ಪೂರ್ತಿ ನಿರಪಾಯವೇ? ಎಳೆಯ ಎಲೆಯನ್ನು ಬೇಯಿಸಿ ಪಲ್ಲೆಯಾಗಿ ಉಣ್ಣುವದು ತಲೆತಲಾಂತರದಿಂದ ನಡೆದುಬಂದ ರೂಢಿ, ಅದರಿಂದ ಕೇಡಿಲ್ಲ. ಆದರೆ ಅದರಲ್ಲಿಯೂ ಭೇದಿಯ ಗುಣವು ಸ್ವಲ್ಪ ಉಂಟು. ಹೂ ಬಿಟ್ಟ ಮೇಲೆ ಎಲೆಯು ಬಲಿತು ಕಹಿಯಾಗುವದು. ಹಳ್ಳಿಯವರು ಆಗ ಅದನ್ನು ಮುಟ್ಟುವದಿಲ್ಲ. ಒಂದು ಹೊತ್ತಿಗೆ ಮಿತವಾಗಿ ಉಣ್ಣಬೇಕು. ದಿನಾಲು ಉಣ್ಣುವ ಪಲ್ಲೆ ಇದಲ್ಲ. ಬಸುರಿಯರೂ ಹೊಟ್ಟೆ ಸಡಿಲಾದವರೂ ಬಿಡುವದು ಲೇಸು. ಬೀಜವಂತೂ ಮನೆಯ ಆಹಾರವಲ್ಲ.

ಗಿಡವು ಸರಿಯಾದರೂ ನೆಲವು ಸರಿಯಾಗಿರಬೇಕು. ಬೆಳಗಾವಿಯ ಕೊಳಚೆಯನ್ನು ಹೊತ್ತು ಹರಿಯುವ ಬಳ್ಳಾರಿ ನಾಲೆಯ ದಂಡೆಯ ಮೇಲೂ ತಗಚೆಯು ಹುಲುಸಾಗಿ ಬೆಳೆಯಬಹುದು. ಹೆದ್ದಾರಿಯ ಅಂಚಿನಲ್ಲಿ ಮೋಟಾರುಗಳ ಹೊಗೆಯನ್ನು ಕುಡಿದೂ ಹಸುರಾಗಿಯೇ ಕಾಣುವದು. ಈಚೆಗೆ ಕಳೆ ಕೀಳುವ ಕೈಗಳು ಕಡಿಮೆಯಾಗಿ, ಹೊಲದ ಬದುಗಳಿಗೆ ಕಳೆನಾಶಕ ಸಿಂಪಡಿಸುವದು ಹೆಚ್ಚಾಗಿದೆ. ಸಿಂಪಡಿಸಿದ ಒಂದೆರಡು ದಿನಗಳ ವರೆಗೆ ಗಿಡವು ಬಾಡದೆ ನಿಂತಿರುವದು. ಅದನ್ನು ಅರಿಯದೆ ಚಿವುಟಿದರೆ, ಗುರುತು ಹಿಡಿದ ಜಾಣತನವೆಲ್ಲ ವ್ಯರ್ಥ. ಬೇಲಿಯ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಶ್ರಾವಣದಲ್ಲಿ ಈ ಸೀಮೆಯ ಬೇಲಿಗಳ ಮೇಲೆ ಕೆಂಪು ಹಳದಿ ಜ್ವಾಲೆಯಂತೆ ಹೂ ಬಿಡುವ ಬಳ್ಳಿಯೊಂದುಂಟು. ಅಗ್ನಿಶಿಖೆ, ಗೌರಿ ಹೂ ಎಂದು ಅದರ ಹೆಸರು, ಮರಾಠಿಯಲ್ಲಿ ಕಳಲಾವಿ. ಅದರ ಗಡ್ಡೆಯನ್ನು ತಿಂದರೆ ಪ್ರಾಣಕ್ಕೇ ಅಪಾಯ. ದೇವಿಗೆ ಏರಿಸುವ ಹೂವಿನ ಬಳ್ಳಿಯ ಗಡ್ಡೆಯು ವಿಷವೆಂದರೆ, ಒಂದು ಗಿಡವು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವದೇ ಅಪೂರ್ಣ ಪ್ರಶ್ನೆ. ಯಾವ ಭಾಗ, ಯಾವ ಋತು, ಯಾವ ನೆಲ, ಯಾರ ಹೊಟ್ಟೆ, ಎಂದೂ ಕೇಳಬೇಕು.

ಸಂಶಯ ಬಂದಲ್ಲಿ ಕೇಳುವದಕ್ಕೆ ಬೆಳಗಾವಿಯವರಿಗೆ ದೂರ ಹೋಗಬೇಕಾಗಿಲ್ಲ. ಶಹಾಪುರದಲ್ಲಿ 1933ರಲ್ಲಿ ಆರಂಭವಾದ ಆಯುರ್ವೇದ ಮಹಾವಿದ್ಯಾಲಯವಿದೆ. ನೆಹರು ನಗರದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಸಂಸ್ಥೆಯಿದೆ. 2006ರಲ್ಲಿ ಪ್ರಾದೇಶಿಕ ಕೇಂದ್ರವಾಗಿ ತೊಡಗಿದ ಅದು ಈಗ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯೆನಿಸಿದೆ. ಇಂಥ ಸಂಸ್ಥೆಗಳಲ್ಲಿ ಗಿಡದ ಗುರುತು ಹೇಗೆ ಮಾಡುವರೆಂಬುದು ಗೃಹಸ್ಥರಿಗೂ ಬೋಧಪ್ರದವು. ಒಂದು ಎಲೆಯನ್ನು ನೋಡಿ ಯಾರೂ ತೀರ್ಪು ಹೇಳುವದಿಲ್ಲ. ಹೂ, ಕಾಯಿ, ಎಲೆ, ಕಾಂಡಗಳೊಂದಿಗೆ ಗಿಡವನ್ನು ಕಾಗದಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಎಲ್ಲಿ, ಯಾವ ದಿನ ಕಿತ್ತುದೆಂದು ಬರೆದು, ಅಂಕೆ ಹಾಕಿ ಇಡುವರು. ನಾಳೆ ಸಂಶಯ ಬಂದರೆ ಅದೇ ಹಾಳೆಯನ್ನು ತೆಗೆದು ನೋಡಬಹುದು. ಈಗಿನ ತರುಣರು ಮೊಬೈಲಿನಲ್ಲಿ ಚಿತ್ರ ತೆಗೆದು ಯಂತ್ರದಿಂದ ಹೆಸ�ರು ಕೇಳುವರು. ಊಹೆಗೆ ಅದು ಸಹಾಯವಾದೀತು. ಆದರೆ ಕಡ್ಡಿಯ ಬುಡದ ಗಂಟು ಚಿತ್ರದಲ್ಲಿ ಬೀಳದಿದ್ದರೆ ಯಂತ್ರವು ಅದನ್ನು ಕಾಣುವದೆಂತು? ಬೆಳ್ಳಗಿದ್ದದ್ದೆಲ್ಲ ಹಾಲಲ್ಲವೆಂಬ ಗಾದೆಯು ಹಸುರಿಗೂ ಸಲ್ಲುವದು.

ಮನೆವಾರ್ತೆ ನೋಡುವವರು ನೆನಪಿಡಬೇಕಾದುದು ಇಷ್ಟು. ತಗಚೆಯನ್ನು ಮಳೆಗಾಲದ ಮೊದಲ ವಾರಗಳಲ್ಲಿ, ಹೂ ಬಿಡುವ ಮುನ್ನ, ಬಲ್ಲವರ ಕೈಯಿಂದಲೇ ಕೊಳ್ಳಬೇಕು. ಸಿವುಡನ್ನು ಬಿಚ್ಚಿ ಕಡ್ಡಿಕಡ್ಡಿಯನ್ನೂ ನೋಡಬೇಕು: ಮೂರು ಜೋಡಿ, ದುಂಡು ತುದಿ, ಎಲೆಗಳ ನಡುವೆ ಗ್ರಂಥಿ. ಈ ಮೂರರಲ್ಲಿ ಒಂದು ತಪ್ಪಿದರೂ ಆ ಕಡ್ಡಿಯನ್ನು ಎಸೆಯಬೇಕು. ಹಿತ್ತಲಿನಲ್ಲಿಯೂ ಶಾಲೆಯ ಬಯಲಿನಲ್ಲಿಯೂ ದೊಡ್ಡ ತಗಚೆ ಕಂಡರೆ, ಕಾಯಿ ಕಟ್ಟುವ ಮುನ್ನ ಬೇರು ಸಹಿತ ಕೀಳಬೇಕು. ಮಗುವು ಯಾವದೇ ಕಾಡುಬೀಜವನ್ನು ತಿಂದಿದೆಯೆಂಬ ಅನುಮಾನ ಬಂದರೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತ ಹೊತ್ತು ಕಳೆಯದೆ, ಆ ಗಿಡದ ಒಂದು ಕೊಂಬೆಯನ್ನು ಕಾಯಿ ಸಹಿತ ಕಿತ್ತುಕೊಂಡು ಕೂಡಲೆ ಖಾನಾಪುರದ ತಾಲೂಕಾ ಆಸ್ಪತ್ರೆಗೋ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೋ ಒಯ್ಯಬೇಕು. ಹೆಸರು ಹೇಳಿದರೆ ವೈದ್ಯರಿಗೆ ಗೊಂದಲವಾದೀತು. ಕೊಂಬೆಯನ್ನು ತೋರಿಸಿದರೆ ಗೊಂದಲವಿಲ್ಲ.

ಕಾಡುತೊಪ್ಪಲನ್ನು ಕಂಡರೆ ಅಂಜಬೇಕೆಂದು ಇದರ ತಾತ್ಪರ್ಯವಲ್ಲ. ಅಂಜಿ ಬಿಟ್ಟವರ ಮನೆಯಲ್ಲಿ ಆ ಜ್ಞಾನವು ಒಂದೇ ತಲೆಮಾರಿನಲ್ಲಿ ಸಾಯುವದು. ಆಮೇಲೆ ಹಿತ್ತಲಿನಲ್ಲಿ ವಿಷವು ಬೆಳೆದರೂ ಕಾಣುವ ಕಣ್ಣಿರುವದಿಲ್ಲ. ಮಲಪ್ರಭೆಯ ದಂಡೆಯ ಹೆಣ್ಣುಮಕ್ಕಳು ಉಣ್ಣುವದನ್ನು ಬಲ್ಲವರಾದುದರಿಂದಲೇ ಉಣ್ಣಬಾರದ್ದನ್ನೂ ಬಲ್ಲರು. ಬರುವ ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ತಗಚೆಯ ಸಿವುಡನ್ನು ಬಿಚ್ಚುವಾಗ ಮಕ್ಕಳನ್ನು ಹತ್ತಿರ ಕೂಡ್ರಿಸಿಕೊಂಡು, ಅವರ ಕೈಯಿಂದಲೇ ಎಲೆಗಳ ಜೋಡಿಯನ್ನು ಎಣಿಸಿಸಿದರೆ ಸಾಕು. ಓದು ಬಾರದ ಮಗುವಿಗೂ ಮೂರರ ವರೆಗೆ ಎಣಿಸಲು ಬರುವದು.